ಗೆತುಕ್ ಕಣ್ಣು ತೆರೆಯಲಿಲ್ಲ

ಗೆತುಕ್ ಯಾವತ್ತಿನಿಂದ ಕಣ್ಣು ಮುಚ್ಚಿಕೊಂಡಿದೆ ಎಂದು ಯಾರಾದರೂ ಕೇಳಿದ್ದರೆ ಕಿನಾಂತಿಗೆ ಹೇಳಲು ಆಗುತ್ತಿರಲಿಲ್ಲ. ಗಂಡ ಬಾಸ್ಕೊರೊ ತೀರಿಕೊಂಡ ಮೇಲೆ ಅವಳಿಗೆ ದಿನಗಳು ಒಂದರಿಂದ ಒಂದು ಬೇರೆಯಾಗಿ ಕಾಣುತ್ತಿರಲಿಲ್ಲ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಅತ್ತೆ ಕೆಂಪು ಪೆನ್ನಿನಿಂದ ಗುರುತು ಹಾಕಿದ್ದ ದಿನಗಳಷ್ಟೇ ಗೊತ್ತು. ಮೂರನೆಯ ದಿನದ ಪ್ರಾರ್ಥನೆ, ಏಳನೆಯದು, ನಲವತ್ತನೆಯದು. ಈಗ ನೂರನೆಯ ದಿನಕ್ಕೆ ಹನ್ನೊಂದು ದಿನ ಉಳಿದಿತ್ತು.

ಗೆತುಕ್ ಒಂದು ಹಲ್ಲಿ. ಗೋಡೆಯ ಮೇಲೆ ಓಡಾಡುವ ಹಲ್ಲಿಯಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಸಾಕುವ, ಹಳದಿ ಮೈಯ ಮೇಲೆ ಕಪ್ಪು ಚುಕ್ಕೆಗಳಿರುವ, ಗೇಣುದ್ದದ ಚಿರತೆ ಹಲ್ಲಿ. ಗೋಡೆ ಹಲ್ಲಿಗೆ ರೆಪ್ಪೆಯಿಲ್ಲ, ನಾಲಿಗೆ ಚಾಚಿ ಕಣ್ಣು ಒರೆಸಿಕೊಳ್ಳುತ್ತದೆ. ಚಿರತೆ ಹಲ್ಲಿಗೆ ನಮ್ಮ ಹಾಗೆ ರೆಪ್ಪೆಯಿದೆ. ಅದು ಕಣ್ಣು ಮುಚ್ಚಿ ಮಲಗುತ್ತದೆ, ಎದ್ದರೆ ತೆರೆದು ನೋಡುತ್ತದೆ. ಐದು ವರ್ಷದ ಹಿಂದೆ ಬಾಸ್ಕೊರೊ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಮನೆಗೆ ತಂದಿದ್ದ. ದಪ್ಪ ಬಾಲವನ್ನು ನೋಡಿ, ತಮ್ಮ ಊರು ಮಾಗೆಲಾಂಗಿನ ಯಾವ ಅಂಗಡಿಯಲ್ಲೂ ಸಿಗುವ ಮರಗೆಣಸಿನ ಸಿಹಿಯ ಹೆಸರನ್ನೇ ಇಟ್ಟಿದ್ದ: ಗೆತುಕ್.

ಅವತ್ತು ಸಂಜೆ ಕಿನಾಂತಿ ಬಟ್ಟಲಿಗೆ ನಾಲ್ಕು ಹಿಟ್ಟಿನ ಹುಳು ಹಾಕಿದಳು. ಗೆತುಕ್ ವಾಸನೆ ಹಿಡಿದು ಬಂತು. ಬಾಯಿ ಹಾಕಿತು. ಹುಳುವಿನಿಂದ ಒಂದು ಬೆರಳಿನಷ್ಟು ಆಚೆ, ಮರಳಿಗೆ ಬಾಯಿ ಹಾಕಿತು. ಮತ್ತೆ ಹಾಕಿತು. ಆಮೇಲೆ ತಲೆಯ ಬಲಭಾಗವನ್ನು ಕಲ್ಲಿಗೆ ಉಜ್ಜಿ, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂತುಬಿಟ್ಟಿತು.

"ನೋಡು, ಮತ್ತೆ ಉಪವಾಸ," ಎಂದರು ಅತ್ತೆ. ಅವರ ಹೆಸರು ವಿನಾರ್ಸಿ. ಬಾಗಿಲ ಬಳಿ ಅಕ್ಕಿ ಆರಿಸುತ್ತಾ ಕೂತಿದ್ದರು. "ಅದೂ ದುಃಖ ಮಾಡ್ತಿದೆ ಕಣಮ್ಮಾ. ಅವನ ಕೈಯಿಂದಲೇ ತಿಂದು ಅಭ್ಯಾಸ. ಈಗ ಯಾರ ಮುಖ ನೋಡ್ಬೇಕು ಅಂತ ಕಣ್ಣು ಬಿಡುತ್ತೆ?"

"ಹಲ್ಲಿ ದುಃಖ ಮಾಡುತ್ತಾ, ಇಬು?" ಅಲ್ಲಿ ಅಮ್ಮನನ್ನೂ ಹಿರಿಯ ಹೆಂಗಸರನ್ನೂ ಇಬು ಎಂದೇ ಕರೆಯುವುದು.

"ಯಾಕೆ ಮಾಡಲ್ಲ? ನಮ್ಮಪ್ಪ ಸತ್ತಾಗ ಅವರ ಪಾರಿವಾಳ ಹದಿನೈದು ದಿನ ಗೂಡಿಂದ ಹೊರಗೆ ಬರಲಿಲ್ಲ. ನೀನು ಯೂನಿವರ್ಸಿಟಿ ಓದಿದವಳು. ಇಂಥದ್ದು ಪುಸ್ತಕದಲ್ಲಿ ಬರೆದಿರಲ್ಲ."

ನಿಜ ಹೇಳಬೇಕೆಂದರೆ ಅತ್ತೆಯ ಮಾತು ಕಿನಾಂತಿಗೆ ಹಿಡಿಸಿತು. ಅವಳಿಗೆ ಇನ್ನೂ ಅಳು ಬಂದಿರಲಿಲ್ಲ. ಸಮಾಧಿಯ ಹತ್ತಿರವೂ ಬಂದಿರಲಿಲ್ಲ. ಶಾಲೆಯ ಪ್ರಯೋಗಾಲಯದ ಕೆಲಸಕ್ಕೆ ಹೋಗುತ್ತಿದ್ದಳು, ಬರುತ್ತಿದ್ದಳು, ಅನ್ನ ಹಾಕಿಕೊಂಡು ತಟ್ಟೆ ನೋಡುತ್ತಾ ಕೂರುತ್ತಿದ್ದಳು. ಈ ಮನೆಯಲ್ಲಿ ಒಂದು ಜೀವವಾದರೂ ಸರಿಯಾಗಿ ದುಃಖಪಡುತ್ತಿದೆ ಎಂದುಕೊಂಡಳು. ಪೆಟ್ಟಿಗೆಯ ಮೇಲೆ ಒಂದು ಬಟ್ಟೆ ಎಳೆದಳು. ಅದರ ಪಾಡಿಗೆ ಅದು ಇರಲಿ.

ಹೀಗೆ ನಾಲ್ಕು ದಿನ ಹೋಯಿತು.

ಐದನೆಯ ದಿನ ಬಟ್ಟೆ ತೆಗೆದಾಗ ಬಲಗಣ್ಣಿನ ರೆಪ್ಪೆ ಊದಿತ್ತು. ರೆಪ್ಪೆಗಳ ನಡುವಿನ ಗೀರಿನಲ್ಲಿ ಒಣಗಿದ ಗಿಣ್ಣಿನಂಥದ್ದೇನೋ ಬಿಳಿಯಾಗಿ ಕಟ್ಟಿಕೊಂಡಿತ್ತು.

"ಇಬು, ಇದು ಸರಿ ಕಾಣ್ತಿಲ್ಲ."

ಅತ್ತೆ ಕನ್ನಡಕ ಹಾಕಿಕೊಂಡು ಬಗ್ಗಿದರು. "ಅಯ್ಯೋ, ಪಿಸುರು ಕಟ್ಟಿದೆ ಅಷ್ಟೇ. ತಾಳು." ಹಿತ್ತಲಿಗೆ ಹೋಗಿ ಬೇಲಿಯ ಬಳ್ಳಿಯಿಂದ ನಾಲ್ಕು ವೀಳ್ಯದೆಲೆ ಕಿತ್ತು ತಂದರು. "ಬಾಸ್ಕೊರೊಗೆ ಚಿಕ್ಕವನಿದ್ದಾಗ ಕಣ್ಣು ಬಂದ್ರೆ ಇದೇ ಹಾಕ್ತಿದ್ದದ್ದು. ಎಲೆ ಕುದಿಸಿ, ಆರಿಸಿ, ಎರಡು ಹನಿ. ಮಾರನೇ ದಿನ ಗಾಳಿಪಟ ಹಾರಿಸೋಕೆ ಓಡಿದ್ದ."

"ಹಲ್ಲಿಗೆ ಹಾಕಬಹುದಾ?"

"ನೀನೇ ತಾನೇ ಮೂರು ವರ್ಷ ಯೋಗ್ಯಕಾರ್ತದಲ್ಲಿ ಕೂತು ವೀಳ್ಯದೆಲೆ ಎಣ್ಣೆ ಮೇಲೆ ದಪ್ಪ ಪುಸ್ತಕ ಬರೆದಿದ್ದು? ಮದುವೆ ಮಾತುಕತೆಗೆ ಬಂದಾಗ ನಿಮ್ಮಮ್ಮ ಅದನ್ನ ಚಹಾದ ಜೊತೆ ತಂದಿಟ್ಟು ತೋರಿಸಿದ್ರು. ಸೋಂಕು ಸಾಯಿಸುತ್ತೆ ಅಂತ ನೀನೇ ಹೇಳಿದ್ದೆ."

ಹೇಳಿದ್ದು ಹೌದು. ವೀಳ್ಯದೆಲೆಯ ಸಾರ ಗಾಜಿನ ತಟ್ಟೆಯಲ್ಲಿ ಸೂಕ್ಷ್ಮಜೀವಿಗಳನ್ನು ಹೇಗೆ ಸುಡುತ್ತದೆ ಎಂದು ಅವಳು ಚಿತ್ರ ಸಮೇತ ಬರೆದಿದ್ದಳು. ಸೂಕ್ಷ್ಮಜೀವಿಯನ್ನು ಸುಡುವುದು ಕಣ್ಣಿನ ತೆಳು ಪೊರೆಯನ್ನು ಸುಡದೆ ಬಿಡುತ್ತದೆಯೇ ಎಂದು ಆ ಪುಸ್ತಕದಲ್ಲಿ ಯಾರೂ ಕೇಳಿರಲಿಲ್ಲ. ಅವತ್ತು ಅಡುಗೆಮನೆಯಲ್ಲಿ ಅವಳೂ ಕೇಳಲಿಲ್ಲ. ಕೇಳುವ ಶಕ್ತಿ ಎಲ್ಲೋ ಹೋಗಿತ್ತು. ಅವಳು ಗೆತುಕ್‌ನನ್ನು ಹಿಡಿದುಕೊಂಡಳು. ಅತ್ತೆ ಹತ್ತಿಯಿಂದ ಹನಿ ಬಿಟ್ಟರು. ಬಿಳಿಯ ಗಟ್ಟಿಯನ್ನು ಹತ್ತಿಕಡ್ಡಿಯ ತುದಿಯಿಂದ ಒಂದಿಷ್ಟು ಕೆದಕಿಯೂ ನೋಡಿದರು. ಗೆತುಕ್ ಬಾಯಿ ತೆರೆದು ಒಂದು ಸದ್ದು ಮಾಡಿತು. ಐದು ವರ್ಷದಲ್ಲಿ ಅದರ ದನಿ ಅವಳು ಕೇಳಿದ್ದು ಅದೇ ಮೊದಲು.

ಎರಡು ದಿನ ಬೆಳಿಗ್ಗೆ ಸಂಜೆ ಹನಿ ಬಿಟ್ಟರು. ಊತ ಇಳಿಯಲಿಲ್ಲ. ಎಡಗಣ್ಣಿನ ಅಂಚಿನಲ್ಲೂ ಬಿಳಿ ಕಾಣಿಸಿಕೊಂಡಿತು.

ಅದರ ಮಾರನೆಯ ಬೆಳಿಗ್ಗೆ ಸಪ್ತೊ ಬಂದ. ಕೆಳಗಿನ ರಸ್ತೆಯಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟವನು, ಬಾಸ್ಕೊರೊನ ಗೆಳೆಯ. ಪ್ರತಿ ಭಾನುವಾರ ಊರ ಮೈದಾನದ ದೊಡ್ಡ ನೀರಿನ ಟ್ಯಾಂಕಿನ ಕೆಳಗೆ ಹಲ್ಲಿ ಸಾಕುವವರೆಲ್ಲ ತಮ್ಮ ಡಬ್ಬಿಗಳನ್ನು ಹಿಡಿದು ಸೇರುತ್ತಾರೆ, ಆ ಗುಂಪಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂರುತ್ತಿದ್ದವರು. ನೂರನೆಯ ದಿನದ ಪ್ರಾರ್ಥನೆಗೆ ಬರುವವರಿಗೆ ಎಷ್ಟು ಚಾಪೆ ಬೇಕು ಎಂದು ಕೇಳಲು ಬಂದಿದ್ದ.

"ಗೆತುಕ್ ಹೇಗಿದಾನೆ?" ಎಂದು ಅವನೇ ಕೇಳಿದ.

"ದುಃಖದಲ್ಲಿದೆ," ಎಂದರು ಅತ್ತೆ. "ಕಣ್ಣೇ ಬಿಡ್ತಿಲ್ಲ."

"ಇಬು, ನನ್ನ ಅಂಗಡಿಗೆ ಯಾರಾದ್ರೂ ಹೆಡ್‌ಲೈಟ್ ಹತ್ತದ ಗಾಡಿ ತಂದ್ರೆ, ಪಾಪ, ದುಃಖದಲ್ಲಿದೆ ಅಂತ ವಾಪಸ್ ಕಳಿಸ್ಲಾ?"

"ನಿನ್ನ ಬಾಯಿಗೆ ಗ್ರೀಸ್ ಹಾಕಬೇಕು ನೋಡು."

ಸಪ್ತೊ ನಗುತ್ತಲೇ ಬಟ್ಟೆ ಸರಿಸಿದ. ಆಮೇಲೆ ನಗಲಿಲ್ಲ. ಪೆಟ್ಟಿಗೆಯ ಮುಂದೆ ಮಂಡಿಯೂರಿ ಬಹಳ ಹೊತ್ತು ನೋಡಿದ. ಒಳಗೆ ಕೈಹಾಕಿ ಒಂದು ಚಿಟಿಕೆ ಮರಳು ತೆಗೆದು ಬೆರಳುಗಳ ನಡುವೆ ತಿಕ್ಕಿದ.

"ಈ ಮರಳು ಯಾರು ಹಾಕಿದ್ದು?"

"ನಾನೇ," ಎಂದರು ಅತ್ತೆ. "ನಲವತ್ತನೇ ದಿನಕ್ಕೆ ಮನೆ ತೊಳೆದೆವಲ್ಲ, ಆವಾಗ. ಮೊದಲು ಬರೀ ಹಳೇ ಕಾಗದ ಹಾಸಿದ್ದ. ನೋಡೋಕೆ ಒಂಥರಾ ಇತ್ತು. ಒಳ್ಳೆ ಮೆರಾಪಿ ಬೆಟ್ಟದ ಮರಳು, ಎರಡು ಸಲ ಜರಡಿ ಹಿಡಿದು ಹಾಕಿದೀನಿ. ಅವನ... ಅವನ ಸಮಾಧಿಗೆ ಅಂಚು ಕಟ್ಟಿ ಉಳಿದಿದ್ದು."

ಸಪ್ತೊ ಮರಳನ್ನು ಮೆಲ್ಲಗೆ ಮತ್ತೆ ಒಳಗೆ ಉದುರಿಸಿದ. "ಇಬು, ಈ ಮರಳಲ್ಲಿ ನೀವು ಬಾಣಲೆ ತಿಕ್ತೀರಲ್ವಾ?"

"ಹೂಂ. ಫಳಫಳ ಅನ್ನುತ್ತೆ."

"ಬಾಣಲೆಗೆ ಕಣ್ಣಿಲ್ಲ. ಇವನು ಹೊಟ್ಟೆ ಎಳ್ಕೊಂಡು ಓಡಾಡೋನು. ಮುಖ ನೆಲದಿಂದ ಇಷ್ಟೇ ಮೇಲೆ. ಬೆಟ್ಟ ಉಗುಳಿದ ಮರಳಿದು, ಒಂದೊಂದು ಕಣಕ್ಕೂ ಅಂಚಿದೆ. ದಿನಾ ಕಣ್ಣಿಗೆ ಹೋಗಿದೆ." ಅವನು ಪೆಟ್ಟಿಗೆಯ ಮೂಲೆ ನೋಡಿದ. "ಕಿನ್, ಇಲ್ಲೊಂದು ಪಾಚಿ ಡಬ್ಬಿ ಇತ್ತಲ್ಲ. ಬಾಸ್ಕೊರೊ ತೂತು ಕೊರೆದು ಇಟ್ಟಿದ್ದು."

ಕಿನಾಂತಿ ಅತ್ತೆಯ ಕಡೆ ನೋಡಿದಳು.

"ಅದು ಕೊಳೆತಿತ್ತಪ್ಪಾ," ಎಂದರು ಅತ್ತೆ. "ಒದ್ದೆ ಪಾಚಿ. ಎಸೆದೆ."

"ಅದು ಅವನ ಬಚ್ಚಲುಮನೆ, ಇಬು. ಇವನು ತಿಂಗಳಿಗೊಂದು ಸಲ ಮೈಚರ್ಮ ಪೂರ್ತಿ ಕಳಚ್ತಾನೆ, ರೆಪ್ಪೆ ಮೇಲಿಂದೂ ಸೇರಿ. ಒದ್ದೆ ಜಾಗ ಇದ್ರೆ ಚರ್ಮ ನೆನೆದು ಸಲೀಸಾಗಿ ಬಿಡುತ್ತೆ. ಒಣಗಿದ್ರೆ ರೆಪ್ಪೆ ಒಳಗೆ ಉಂಗುರದ ಹಾಗೆ ಉಳ್ಕೊಂಡುಬಿಡುತ್ತೆ. ಅದರ ಮೇಲೆ ಇನ್ನೊಂದು ಉಂಗುರ. ಒಳಗೆ ಕೀವು ಕಟ್ಟುತ್ತೆ. ನಮ್ಮ ಕೀವಿನ ಹಾಗೆ ಹರಿಯಲ್ಲ ಇವರದ್ದು, ಗಟ್ಟಿಯಾಗುತ್ತೆ. ಕಾಣ್ತಿದೆಯಲ್ಲ ಬಿಳಿ, ಅದೇ." ಅವನು ಕಪಾಟಿನ ಮೇಲಿದ್ದ ಪುಡಿಯ ಡಬ್ಬಿ ತೆಗೆದ. ಮುಚ್ಚಳದ ಮೇಲೆ ಧೂಳು ಕೂತಿತ್ತು. "ಇದನ್ನ ಹುಳುಗೆ ಸವರಿ ಕೊಡ್ತಿದ್ಯಾ?"

"ಇಲ್ಲ," ಎಂದಳು ಕಿನಾಂತಿ. "ಯಾಕಿದೆ ಅಂತಲೇ ಗೊತ್ತಿರಲಿಲ್ಲ. ಜೀರುಂಡೆ ಹಿಡಿಯೋಕೂ ನನ್ನಿಂದ ಆಗ್ತಿರಲಿಲ್ಲ. ಬರೀ ಹಿಟ್ಟಿನ ಹುಳು ಹಾಕಿದೆ."

"ಮೂರು ತಿಂಗಳು?"

"ಮೂರು ತಿಂಗಳು."

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇದರಲ್ಲಿ ಎ ವಿಟಮಿನ್ ಇದೆ. ಅದು ಕಮ್ಮಿಯಾದ್ರೆ ಇವರಿಗೆ ಮೊದಲು ಹೋಗೋದೇ ಕಣ್ಣು. ಕಣ್ಣಿನ ಪಸೆ ಆರಿಹೋಗುತ್ತೆ. ಕಣ್ಣಿಗೆ ಏನಾದ್ರೂ ಹಾಕಿದ್ರಾ?"

"ವೀಳ್ಯದೆಲೆ ನೀರು," ಎಂದಳು.

ಸಪ್ತೊ ಕಣ್ಣು ಮುಚ್ಚಿ ತೆರೆದ. "ನಿಲ್ಲಿಸಿ. ಇನ್ನೊಂದು ಹನಿ ಬೇಡ. ಕೆದಕೋದೂ ಬೇಡ. ನನ್ನ ಮೊದಲ ಹಲ್ಲಿಗೆ ನಾನು ಚಿಮಟ ಹಾಕಿ ಎಳೆದಿದ್ದೆ, ಬುದ್ಧಿವಂತ ಅಂದ್ಕೊಂಡು. ಚರ್ಮದ ಜೊತೆ ಕಣ್ಣಿನ ಪೊರೇನೂ ಬಂತು. ನಡೀರಿ, ಯೋಗ್ಯಕಾರ್ತದಲ್ಲಿ ಡಾಕ್ಟರ್ ಹಾಪ್ಸಾರಿ ಅಂತಿದಾರೆ. ಹಾವು ಹಲ್ಲಿ ಎಲ್ಲಾ ನೋಡ್ತಾರೆ. ಈಗಲೇ ಹೊರಟ್ರೆ ಮಧ್ಯಾಹ್ನದ ಒಳಗೆ ಸಿಗ್ತಾರೆ."

"ಹಲ್ಲಿಗೂ ಡಾಕ್ಟ್ರಾ!" ಎಂದರು ಅತ್ತೆ. "ಮೂರೇ ದಿನಕ್ಕೆ ನೂರನೇ ದಿನ. ಹಂಚೋಕೆ ಅಪೆಮ್ ದೋಸೆಗೆ ಹಿಟ್ಟು ಆಗಿಲ್ಲ, ತೆಂಗಿನಕಾಯಿ ಬಂದಿಲ್ಲ. ಊರೆಲ್ಲಾ ನಗುತ್ತೆ, ಗಂಡನ ಪ್ರಾರ್ಥನೆ ಬಿಟ್ಟು ಹಲ್ಲಿ ಎತ್ಕೊಂಡು ಆಸ್ಪತ್ರೆಗೆ ಹೋದ್ಲು ಸೊಸೆ ಅಂತ. ಇಷ್ಟು ದಿನ ಇದ್ದಿದ್ದು ಇನ್ನು ನಾಲ್ಕು ದಿನ ಇರಲ್ವಾ? ಎಲ್ಲಾ ಮುಗೀಲಿ, ಬೆಳಿಗ್ಗೆನೇ ಹೋಗೋಣ."

ಬೆಳಿಗ್ಗೆ ಹೋಗೋಣ.

ಆ ಮಾತು ಕಿನಾಂತಿ ಹಿಂದೆಯೂ ಕೇಳಿದ್ದಳು. ಬಾಸ್ಕೊರೊ ಒಂದು ಸಂಜೆ ಕೆಲಸದಿಂದ ಬಂದವನು ಎದೆ ಬಿಗಿಯುತ್ತಿದೆ ಎಂದಿದ್ದ. ಮೈಯೊಳಗೆ ಗಾಳಿ ಹೊಕ್ಕಿದೆ ಎಂದು ಎಲ್ಲರೂ ಅಂದುಕೊಂಡರು. ಗಾಳಿ ಹೊಕ್ಕರೆ ಎಲ್ಲ ಮನೆಯಲ್ಲೂ ಮಾಡುವುದನ್ನೇ ಅತ್ತೆ ಮಾಡಿದರು. ಬೆನ್ನಿಗೆ ಮುಲಾಮು ಸವರಿ, ನಾಣ್ಯದ ಅಂಚಿನಿಂದ ಕೆಂಪಗೆ ಗೆರೆ ಬರುವ ತನಕ ಎಳೆದರು. ಶುಂಠಿ ಕಷಾಯ ಕೊಟ್ಟರು. ಅವನಿಗೆ ಹಾಯೆನಿಸಿತು. ಡಾಕ್ಟರ ಹತ್ತಿರ ಬೆಳಿಗ್ಗೆ ಹೋಗೋಣ ಎಂದು ಅವನೇ ಹೇಳಿದ, ಅತ್ತೆ ಹೇಳಿದರು, ಕಿನಾಂತಿಯೂ ಹೂಂ ಎಂದಳು. ಬೆಳಿಗ್ಗೆ ಅವನು ಏಳಲಿಲ್ಲ. ಮೂವತ್ತನಾಲ್ಕು ವರ್ಷ. ತೊಳೆಯಲು ಮಲಗಿಸಿದಾಗ ಬೆನ್ನ ಮೇಲೆ ಆ ಕೆಂಪು ಗೆರೆಗಳು ಹಾಗೆಯೇ ಇದ್ದವು.

ಅದರ ಬಗ್ಗೆ ಆ ಮನೆಯಲ್ಲಿ ಯಾರೂ ಮಾತಾಡಿರಲಿಲ್ಲ.

"ಇಬು," ಎಂದಳು ಕಿನಾಂತಿ. ಅವಳ ದನಿ ಅವಳಿಗೇ ದೂರದಿಂದ ಕೇಳಿಸಿತು. "ಅವತ್ತೂ ಬೆಳಿಗ್ಗೆ ಹೋಗೋಣ ಅಂದಿದ್ವಿ."

ಹೊರಗೆ ಟೋಫು ಮಾರುವವನು ಕೂಗುತ್ತಾ ಹೋದ. ಅತ್ತೆ ಕೈಯಲ್ಲಿದ್ದ ಅಕ್ಕಿಯ ಮೊರ ಕೆಳಗಿಟ್ಟು, ಒಳಗೆ ಹೋಗಿ, ತಲೆವಸ್ತ್ರ ಕಟ್ಟಿಕೊಂಡು ಬಂದರು. ಕೈಯಲ್ಲಿ ಒಂದು ಡಬ್ಬಿ, ಮೆತ್ತನೆಯ ಹಳೆಯ ಬಟ್ಟೆ.

"ನಾನೂ ಬರ್ತೀನಿ," ಎಂದರು.

"ಹಿಟ್ಟು?"

"ಹಿಟ್ಟು ಎಲ್ಲೂ ಓಡಿಹೋಗಲ್ಲ."

ಸಪ್ತೊ ಯಾರದೋ ಕಾರು ಕೇಳಿ ತಂದ. ಬಾಟಲಿಗೆ ಬೆಚ್ಚನೆಯ ನೀರು ತುಂಬಿ, ಬಟ್ಟೆ ಸುತ್ತಿ, ಗೆತುಕ್‌ನ ಡಬ್ಬಿಯ ಪಕ್ಕದಲ್ಲಿ ಇಟ್ಟರು, ದಾರಿಯಲ್ಲಿ ಅದರ ಮೈ ತಣ್ಣಗಾಗದಿರಲಿ ಎಂದು. ದಾರಿಯುದ್ದಕ್ಕೂ ಡಬ್ಬಿ ಅತ್ತೆಯ ಮಡಿಲಲ್ಲೇ ಇತ್ತು. ಮುಂಟಿಲಾನ್ ಊರು ದಾಟುವಾಗ ಮರಳು ತುಂಬಿದ ಲಾರಿಗಳು ಸಾಲಾಗಿ ಎದುರು ಬಂದವು. ಅತ್ತೆ ಮುಖ ತಿರುಗಿಸಿಕೊಂಡರು.

ಡಾಕ್ಟರ್ ಹಾಪ್ಸಾರಿ ಸಣ್ಣ ಆಳಿನ ಹೆಂಗಸು. ಗೆತುಕ್‌ನನ್ನು ಟವೆಲಿನಲ್ಲಿ ಸುತ್ತಿ ಹಿಡಿದು, ಉಗುರುಬೆಚ್ಚಗಿನ ಉಪ್ಪುದ್ರಾವಣವನ್ನು ಹನಿಹನಿಯಾಗಿ ಬಿಡುತ್ತಾ ಹತ್ತು ನಿಮಿಷ ಸುಮ್ಮನೆ ನೆನೆಸಿದರು. ಅವಸರ ಮಾಡಲಿಲ್ಲ. ಎಡಗಣ್ಣಿನಿಂದ ಕೂದಲೆಳೆಯಂಥ ಹಳೆಯ ಚರ್ಮದ ಉಂಗುರ ತಾನಾಗಿಯೇ ಜಾರಿ ಬಂತು. ಒಂದಲ್ಲ, ಎರಡು. ಆಮೇಲೆ ಬಲಗಣ್ಣು. ಅಲ್ಲಿಂದ ಅಕ್ಕಿಕಾಳಿನಷ್ಟು ದಪ್ಪದ ಬಿಳಿ ಗಟ್ಟಿ ಹೊರಬಂತು. ಅದರ ಹಿಂದೆ ಎರಡು ಕಣ ಕರಿಮರಳು.

ಡಾಕ್ಟರ್ ಗಾಯವಿದ್ದಲ್ಲಿ ಹಸಿರಾಗಿ ಹೊಳೆಯುವ ಬಣ್ಣದ ಹನಿ ಹಾಕಿ, ನೀಲಿ ದೀಪ ಹಿಡಿದು ನೋಡಿದರು. ದೀಪ ಆರಿಸಿದರು.

"ಎಡಗಣ್ಣು ಉಳಿಯುತ್ತೆ ಅನ್ಸುತ್ತೆ. ಗಾಯ ಇದೆ, ಮೇಲ್ಮೇಲೆ ಇದೆ. ಬಲಗಣ್ಣು ಹೋಗಿದೆಯಮ್ಮಾ. ಪೊರೆ ಕರಗಿ ತೂತಾಗಿದೆ. ಅದನ್ನ ತೆಗೆದುಬಿಡಬೇಕು. ಇಲ್ಲಾಂದ್ರೆ ಸೋಂಕು ಒಳಗೆ ಇಳಿಯುತ್ತೆ."

"ವೀಳ್ಯದೆಲೆ ನೀರಿಂದಾನಾ?" ಎಂದು ಅತ್ತೆ ಕೇಳಿದರು.

"ಅದೊಂದೇ ಅಲ್ಲ. ಪೌಷ್ಟಿಕ ಸಾಲದೆ ಪಸೆ ಆರಿತ್ತು, ಚರ್ಮ ಸಿಕ್ಕಿಹಾಕ್ಕೊಂಡಿತ್ತು, ಮರಳು ಕೊರೀತಿತ್ತು. ಅಷ್ಟು ಹೊತ್ತಿಗೆ ಎಲೆ ನೀರು ಬಿತ್ತು. ಹಸಿ ಗಾಯಕ್ಕೆ ಖಾರ ಹಾಕಿದ ಹಾಗೆ. ಇಬು, ಮನುಷ್ಯರ ಕಣ್ಣಿಗೂ ಅದನ್ನ ಹಾಕಬೇಡಿ."

"ನಾನು ದಿನಾ ಹಾಕ್ಕೋತೀನಿ."

"ಹಾಗಾದ್ರೆ ಇವತ್ತಿಗೆ ಬಿಡಿ."

ಅತ್ತೆ ತಲೆಯಾಡಿಸಿದರು. ಆಮೇಲೆ ಕೇಳಿದರು: "ನಾವು ಎಷ್ಟು ದಿನ ಮೊದಲು ಬಂದಿದ್ರೆ..."

ಡಾಕ್ಟರ್ ಕೈ ಒರೆಸಿಕೊಂಡರು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಮೊದಲ ದಿನ ಕಣ್ಣು ಮುಚ್ಚಿದಾಗಲೇ ಬಂದಿದ್ರೆ ಎರಡೂ ಉಳೀತಿತ್ತು. ಒಂದು ವಾರ ಮೊದಲು ಬಂದಿದ್ರೂ ಉಳೀತಿತ್ತೇನೋ."

ಅತ್ತೆ ಎದ್ದು ಹೊರಗೆ ಹೋದರು. ಕಿನಾಂತಿ ಹೋಗಿ ನೋಡಿದಾಗ ಮೆಟ್ಟಿಲ ಮೇಲೆ ಕೂತಿದ್ದರು. ಎರಡು ಕೈಗಳನ್ನೂ ಮಂಡಿಯ ಮೇಲಿಟ್ಟು ಅವುಗಳನ್ನೇ ನೋಡುತ್ತಿದ್ದರು.

"ನಾನು ಹಾಯ್ ಅನ್ನಿಸೋದನ್ನ ಮಾಡ್ತೀನಿ, ಕಿನ್," ಎಂದರು. "ನನ್ನ ಕೈ ಯಾವಾಗಲೂ ಅದನ್ನೇ ಮಾಡುತ್ತೆ. ಅವನಿಗೂ ಹಾಯ್ ಅಂತ ಅನ್ನಿಸ್ತು. ಅನ್ನಿಸ್ತು ತಾನೇ?"

"ಅನ್ನಿಸ್ತು, ಇಬು."

"ಅದಕ್ಕೇ ನಾನೂ ಮಲಗಿಬಿಟ್ಟೆ."

"ನಾನೂ ಮಲಗಿದ್ದೆ. ಪಕ್ಕದಲ್ಲೇ."

ಅಷ್ಟೇ ಆಡಿದ್ದು. ಕಿನಾಂತಿ ಅವರ ಪಕ್ಕದಲ್ಲಿ ಕೂತಳು. ತೊಂಬತ್ತೇಳು ದಿನ ಒಂದೇ ಮನೆಯಲ್ಲಿದ್ದು ಹೇಳಿಕೊಳ್ಳದ್ದನ್ನು ಒಂದು ಹಲ್ಲಿಯ ಆಸ್ಪತ್ರೆಯ ಮೆಟ್ಟಿಲ ಮೇಲೆ ಹೇಳಿಕೊಂಡಾಗಿತ್ತು. ಹಗುರವಾಗಲಿಲ್ಲ. ಆದರೆ ಭಾರ ಎಲ್ಲಿದೆ ಎಂದು ಗೊತ್ತಾಯಿತು.

ಬಲಗಣ್ಣು ತೆಗೆದು ಹೊಲಿಗೆ ಹಾಕಿ, ಸಂಜೆ ಗೆತುಕ್‌ನನ್ನು ಕೊಡುವಾಗ ಡಾಕ್ಟರ್ ಒಂದು ಹಾಳೆಯಲ್ಲಿ ಎಲ್ಲ ಬರೆದುಕೊಟ್ಟರು, ಬಾಯಲ್ಲೂ ಹೇಳಿದರು. ಎಡಗಣ್ಣಿಗೆ ಕೊಟ್ಟ ಮುಲಾಮು ಮಾತ್ರ, ದಿನಕ್ಕೆ ಮೂರು ಹೊತ್ತು. ಅಂಗಡಿಯಲ್ಲಿ ಸಿಗುವ ಮನುಷ್ಯರ ಕಣ್ಣಿನ ಹನಿ ಹಾಕಬಾರದು, ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ, ಗಾಯವಿರುವ ಕಣ್ಣನ್ನು ಅದು ತಿಂದುಹಾಕುತ್ತದೆ. ಮರಳು ತೆಗೆದು ಕಾಗದ ಹಾಸಬೇಕು. ಒದ್ದೆ ಪಾಚಿಯ ಡಬ್ಬಿ ಮತ್ತೆ ಇಡಬೇಕು, ಪಾಚಿಯನ್ನು ವಾರಕ್ಕೊಮ್ಮೆ ಬದಲಿಸಬೇಕು.

"ವಿಟಮಿನ್ ಪುಡಿ ಜಾಸ್ತಿ ಹಾಕಿದ್ರೆ ಬೇಗ ವಾಸಿಯಾಗುತ್ತಾ?" ಎಂದು ಅತ್ತೆ ಕೇಳಿದರು.

"ಇಲ್ಲ ಇಬು, ಜಾಸ್ತಿಯಾದ್ರೆ ಅದೂ ವಿಷ. ನಾನು ಬರೆದಿರೋಷ್ಟೇ. ಹುಳುಗೂ ಒಂದು ದಿನ ಮೊದಲು ಸೊಪ್ಪು, ಕ್ಯಾರೆಟ್ಟು ತಿನ್ನಿಸಿ. ಹುಳು ತಿಂದಿದ್ದೇ ಇವನಿಗೆ ಸೇರೋದು. ಬರೀ ಒಂದೇ ಹುಳು ಬೇಡ, ಜೀರುಂಡೆನೂ ಕೊಡಿ."

ಮನೆಗೆ ಬಂದ ಮೇಲೆ ಆ ಮರಳನ್ನು ಅತ್ತೆಯೇ ತೆಗೆದರು. ಚಮಚದಿಂದ, ಒಂದು ಕಣ ಬಿಡದೆ. ಮಾರನೆಯ ದಿನ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ತೆಗೆದುಕೊಂಡು ಹೋಗಿ ಮಗನ ಸಮಾಧಿಯ ಬದಿಯಲ್ಲಿ ಸುರಿದು ಬಂದರು.

ನೂರನೆಯ ದಿನಕ್ಕೆ ಜನ ಬಂದರು, ಪ್ರಾರ್ಥನೆಯಾಯಿತು, ಅಪೆಮ್ ಹಂಚಿದರು. ಹೆಂಗಸರು ಒಳಗೆ ಕೂತಿದ್ದಾಗ ಪಕ್ಕದ ಬೀದಿಯ ಒಬ್ಬಾಕೆ ಗಾಜಿನ ಪೆಟ್ಟಿಗೆ ನೋಡಿ ನಕ್ಕಳು. "ಇದಕ್ಕೇನಾ ನೀವು ಯೋಗ್ಯಕಾರ್ತದ ತನಕ ಹೋಗಿದ್ದು? ನಮ್ಮ ಮನೇಲಿ ಬೇಕಾದಷ್ಟಿವೆ, ಬಿಟ್ಟಿ ಕೊಡ್ತೀನಿ ಬನ್ನಿ, ಎರಡೂ ಕಣ್ಣಿರೋವು!"

ಎಲ್ಲರೂ ನಕ್ಕರು. ವಿನಾರ್ಸಿ ನಗಲಿಲ್ಲ. "ನಗಿ. ಹೋದ ವಾರ ನಾನೂ ನಗ್ತಿದ್ದೆ," ಎಂದರು. "ನಿನ್ನ ಮೊಮ್ಮಗಳಿಗೆ ಕಣ್ಣು ಕೆಂಪಾಗಿದೆ ಅಂದಿದ್ಯಲ್ಲ. ಎಲೆ ನೀರು ಹಾಕ್ತಿದ್ಯಾ?"

"ಹೂಂ, ಮತ್ತೆ?"

"ಹಾಕಬೇಡ. ಬೆಳಿಗ್ಗೆ ಅಂತ ಕಾಯಬೇಡ. ಈ ಚಹಾ ಕುಡಿದು ನೇರ ಆರೋಗ್ಯ ಕೇಂದ್ರಕ್ಕೆ ಹೋಗು."

ಆಕೆ ಲೋಟ ಕೆಳಗಿಟ್ಟು ಎದ್ದು ಹೋದಳು.

ದಿನಕ್ಕೆ ಮೂರು ಹೊತ್ತು ಮುಲಾಮು. ಬೆಳಿಗ್ಗೆಯದು ಮತ್ತು ಸಂಜೆಯದು ಕಿನಾಂತಿ ಹಚ್ಚುತ್ತಿದ್ದಳು, ಮಧ್ಯಾಹ್ನದ್ದು ಅತ್ತೆ. ಜೀರುಂಡೆ ಕಂಡರೆ ಮಂಚ ಹತ್ತುತ್ತಿದ್ದ ಹೆಂಗಸು ಈಗ ಚಿಮಟದಲ್ಲಿ ಅದರ ಕಾಲು ಹಿಡಿದು, ಪುಡಿಯಲ್ಲಿ ಹೊರಳಿಸಿ, "ಬಾಯಿ ಬಿಡು, ಮಹಾರಾಜ" ಎಂದು ಗೆತುಕ್‌ನ ಮೂತಿಗೆ ತಾಕಿಸುತ್ತಿದ್ದರು. ಅದು ಮೂಸಿ, ಕೆಲವೊಮ್ಮೆ ತಿನ್ನುತ್ತಿತ್ತು. ಕೆಲವೊಮ್ಮೆ ಮುಖ ತಿರುಗಿಸುತ್ತಿತ್ತು. ಬಾಲ ತೆಳುವಾಗಿತ್ತು. ಉಳಿಯುತ್ತದೋ ಇಲ್ಲವೋ ಎಂದು ಇಬ್ಬರೂ ಕೇಳಿಕೊಳ್ಳುತ್ತಿರಲಿಲ್ಲ.

ಆಸ್ಪತ್ರೆಯಿಂದ ಬಂದ ಹದಿನಾರನೆಯ ದಿನ ಕಿನಾಂತಿ ಕೆಲಸದಿಂದ ಬಂದು ಮುಚ್ಚಳ ತೆಗೆದಾಗ ಗೆತುಕ್ ಪಾಚಿಯ ಡಬ್ಬಿಯ ತೂತಿನಿಂದ ತಲೆ ಹೊರಗೆ ಹಾಕಿತ್ತು. ಬಲಗಡೆ ಹೊಲಿಗೆಯ ಗೆರೆ. ಎಡಗಡೆ ಕಣ್ಣು ತೆರೆದಿತ್ತು. ಬೂದು ಬಣ್ಣದ ನಡುವೆ ಕಪ್ಪು ಗೀರು. ಅದು ಅವಳನ್ನು ನೋಡಿತು. ಬಾಸ್ಕೊರೊ ಬಂದಾಗ ಹೇಗೆ ತಲೆ ಓರೆ ಮಾಡಿ ನೋಡುತ್ತಿತ್ತೋ ಹಾಗೆಯೇ, ಈಗ ಒಂದೇ ಕಣ್ಣಿನಿಂದಾಗಿ ಇನ್ನೂ ಸ್ವಲ್ಪ ಹೆಚ್ಚು ಓರೆಯಾಗಿ.

ಅವಳು ಜೀರುಂಡೆ ಬಿಟ್ಟಳು. ಗೆತುಕ್ ಗುರಿ ತಪ್ಪಿತು. ಇನ್ನೊಮ್ಮೆ ತಪ್ಪಿತು. ಮೂರನೆಯ ಸಲ ಹಿಡಿಯಿತು.

"ಇಬು!" ಎಂದು ಕೂಗಿದಳು. ಆ ಮನೆಯಲ್ಲಿ ಯಾರಾದರೂ ದನಿಯೆತ್ತಿ ಕೂಗಿ ಬಹಳ ದಿನವಾಗಿತ್ತು. ಅತ್ತೆ ಒದ್ದೆ ಕೈಯಲ್ಲೇ ಓಡಿ ಬಂದರು. ನೋಡಿದರು. ಮಗನ ಹೆಸರನ್ನು ಒಂದೇ ಒಂದು ಸಲ ಹೇಳಿದರು. ಇಬ್ಬರೂ ಅತ್ತರು. ಒಬ್ಬರನ್ನೊಬ್ಬರು ಸಮಾಧಾನ ಮಾಡಲಿಲ್ಲ.

ಆಮೇಲೆ ಕಿನಾಂತಿ ಅಡುಗೆಮನೆಗೆ ಹೋಗಿ, ಕ್ಯಾಲೆಂಡರಿನ ಪಕ್ಕ ನೇತಾಡುತ್ತಿದ್ದ ಕೆಂಪು ಪೆನ್ನು ತೆಗೆದು, ಆ ದಿನದ ಚೌಕದಲ್ಲಿ ಬರೆದಳು: ಎಡಗಣ್ಣು ತೆರೆಯಿತು. ಅಂದಿನಿಂದ ಗೆತುಕ್ ಚರ್ಮ ಕಳಚಿದ ದಿನ, ಪುಡಿ ಹಾಕಿದ ದಿನ, ಪಾಚಿ ಬದಲಿಸಿದ ದಿನ, ಎಲ್ಲ ಅಲ್ಲಿ ಬರೆಯುತ್ತಾಳೆ. ಚರ್ಮ ಕಳಚಿದ ಮಾರನೆಯ ಬೆಳಿಗ್ಗೆ ರೆಪ್ಪೆ, ಬೆರಳು, ಬಾಲದ ತುದಿ ನೋಡುತ್ತಾಳೆ. ಎಲ್ಲೂ ಏನೂ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಕೆಲಸಕ್ಕೆ ಹೋಗುತ್ತಾಳೆ.

ಇದನ್ನು ಓದುತ್ತಿರುವ, ಇಲ್ಲವೇ ಯಾರೋ ಓದುವುದನ್ನು ಕೇಳುತ್ತಿರುವ ನೀವು ಹಲ್ಲಿ ಸಾಕಿದ್ದರೆ, ಇವತ್ತು ಊಟಕ್ಕೆ ಕೂರುವ ಮೊದಲು ಒಮ್ಮೆ ಅದರ ಮುಂದೆ ಬಗ್ಗಿ ಎರಡೂ ಕಣ್ಣು ನೋಡಿ. ಎದ್ದಿರುವ ಹೊತ್ತಿನಲ್ಲಿ ಒಂದು ಕಣ್ಣಾದರೂ ಮುಚ್ಚಿದೆಯೇ? ಮುಖವನ್ನು ಕಲ್ಲಿಗೆ ಉಜ್ಜುತ್ತಿದೆಯೇ? ಹುಳು ಎದುರಿಗಿದ್ದರೂ ಗುರಿ ತಪ್ಪುತ್ತಿದೆಯೇ? ಹಾಗಾದರೆ, ಮರಳು ಹಾಸಿದ್ದರೆ ತೆಗೆದುಬಿಡಿ, ಕಾಗದ ಹಾಸಿ. ಕಣ್ಣಿಗೆ ಮನೆಮದ್ದು ಹಾಕಬೇಡಿ, ಏನನ್ನೂ ಎಳೆಯಬೇಡಿ, ಕೆದಕಬೇಡಿ. ಹಲ್ಲಿಯನ್ನು ಬಲ್ಲ ಪಶುವೈದ್ಯರು ಎಲ್ಲಿದ್ದಾರೆಂದು ನಿಮ್ಮ ಊರಿನ ಸಾಕುವವರನ್ನು ಕೇಳಿ. ಮನೆಯಲ್ಲಿ ಸಾವಾಗಿರಲಿ, ಹಬ್ಬವಿರಲಿ, ಅದರ ಪುಡಿ, ಅದರ ಒದ್ದೆ ಡಬ್ಬಿ ಯಾರು ನೋಡಿಕೊಳ್ಳುತ್ತಾರೆಂದು ಒಬ್ಬರಿಗೆ ಹೇಳಿಡಿ, ಬರೆದಿಡಿ. ಬಾಸ್ಕೊರೊ ಯಾರಿಗೂ ಹೇಳಿರಲಿಲ್ಲ. ಹೇಳಲು ಅವನಿಗೆ ಹೊತ್ತು ಸಿಗಲಿಲ್ಲ.

ಕಣ್ಣು ಮುಚ್ಚಿ ಕೂತಿರುವ ಹಲ್ಲಿ ಯಾರನ್ನೂ ನೆನೆದು ದುಃಖಪಡುತ್ತಿಲ್ಲ. ಅದಕ್ಕೆ ನೋಯುತ್ತಿದೆ. ಬೆಳಿಗ್ಗೆ ಎನ್ನಬೇಡಿ. ಈಗಲೇ ಹೊರಡಿ.